ಬಲಬದಿಯ ಏಳನೇ ಹಲಗೆ

ಪುಷ್ಯದ ಹುಣ್ಣಿಮೆಗೆ ಇನ್ನು ನಾಲ್ಕು ದಿನ ಇತ್ತು. ಹಂಗಾರಕಟ್ಟೆಯ ಹೊಳೆದಂಡೆಯಲ್ಲಿ ಇಪ್ಪತ್ತು ಕೋಲು ಉದ್ದದ ಹೊಸ ಮಂಜಿ ದಿಮ್ಮಿಗಳ ಮೇಲೆ ಕೂತಿತ್ತು. ಮಂಜಿ ಅಂದರೆ ನಮ್ಮ ಕಡೆಯ ಹಾಯಿಹಡಗು. ಹಂಚು, ತೆಂಗಿನಕಾಯಿ ತುಂಬಿಕೊಂಡು ಬೊಂಬಾಯಿಗೆ ಹೋಗಿ ಬರುವಂಥದ್ದು. ಅದರ ನೆರಳಿನಲ್ಲಿ ಆ ಮಧ್ಯಾಹ್ನ ಕೂತವರು ನಾವು ಐದು ಜನ. ಮಂಜಿ ಕಟ್ಟಿದ ಆಚಾರ್ರು, ಅವರಿಗೆ ಗಂಜಿ ತಂದ ಅವರ ಹೆಂಡತಿ, ಮಂಜಿಯ ಒಡೆಯರ ಗುಮಾಸ್ತ, ಮುಂದೆ ಅದನ್ನು ಕಡಲಿಗೆ ಕೊಂಡುಹೋಗಬೇಕಾದ ತಾಂಡೇಲ, ಮತ್ತೆ ನಾನು. ನನ್ನ ಕೆಲಸ ಹಲಗೆ ಹಲಗೆಯ ನಡುವಿನ ಸಂದಿಗೆ ಎಣ್ಣೆ, ರಾಳ ಕುಡಿಸಿದ ಹತ್ತಿ ತುಂಬುವುದು. ಬಡಗಿ ಮಂಜಿಯನ್ನು ಕಟ್ಟುತ್ತಾನೆ, ನೀರು ಒಳಗೆ ಬರದ ಹಾಗೆ ಮಾಡುವವನು ನಾನು. ಹೀಗೆ ಹೇಳಿಕೊಂಡು ಆಗ ಮೀಸೆ ತಿರುವುತ್ತಿದ್ದೆ.

ಆಚಾರ್ರು ತೀರಿಕೊಂಡ ಮೇಲೆ ಅವರ ಬಗ್ಗೆ ಜನ ಎರಡು ಮಾತು ಹೇಳುವುದನ್ನು ಕೇಳಿದ್ದೇನೆ. ಒಂದು, ಕೈ ಚಿನ್ನ. ಎರಡು, ತಲೆ ಕಲ್ಲು. ಎರಡನೆಯದನ್ನು ದನಿ ತಗ್ಗಿಸಿ ಹೇಳುತ್ತಾರೆ. ನಾನು ತಗ್ಗಿಸುವುದಿಲ್ಲ. ಕಲ್ಲೇ ಹೌದು. ಆ ಕಲ್ಲಿಗೆ ತಲೆ ಜಪ್ಪಿಕೊಂಡವರಲ್ಲಿ ನಾನೂ ಒಬ್ಬ, ಅದಕ್ಕೇ ಹೇಳುವ ಅಧಿಕಾರ ನನಗುಂಟು.

ಅವರದೊಂದು ಕ್ರಮ ಇತ್ತು. ಮಂಜಿ ನೀರಿಗೆ ಇಳಿದ ದಿನ, ಸರಕು ಹೇರುವ ಮೊದಲು, ತಾಂಡೇಲನ ಹೆಂಡತಿ ಆರತಿ ಎತ್ತುವ ಮೊದಲು, ಆಚಾರ್ರು ತಮ್ಮ ತಾಯಿ, ಹೆಂಡತಿ, ಎರಡು ಹೆಣ್ಣುಮಕ್ಕಳನ್ನು ಹತ್ತಿಸಿ ಹೊಳೆ ಕಡಲು ಸೇರುವ ಅಳಿವೆಯವರೆಗೆ ಕರೆದುಕೊಂಡು ಹೋಗಿ ತಿರುಗಿ ಬರುತ್ತಿದ್ದರು. ಅಳಿವೆಯಲ್ಲಿ ಮರಳದಿಬ್ಬದ ಮೇಲೆ ತೆರೆ ಒಡೆಯುತ್ತದೆ, ಮಂಜಿ ಒಂದು ಸರ್ತಿ ಮೂಗು ಎತ್ತಿ ಬೀಳುತ್ತದೆ. ಆ ಬೀಳುವಿಕೆಯಲ್ಲಿ ಮರದ ಸತ್ಯ ಗೊತ್ತಾಗುತ್ತದೆ ಎಂದು ಅವರ ಲೆಕ್ಕ. ಯಾರೂ ಹೇಳಿ ಮಾಡಿಸಿದ ಕ್ರಮ ಅಲ್ಲ. ಅವರ ತಂದೆಗೂ ಅದು ಇರಲಿಲ್ಲವಂತೆ. ಆದರೆ ಗಂಗೊಳ್ಳಿಯಿಂದ ಮಲ್ಪೆಯವರೆಗೆ ಕಲಾಸಿಗಳು ಹೊಸ ಮಂಜಿಯಲ್ಲಿ ಆಳಾಗಿ ಸೇರುವ ಮೊದಲು ಕೇಳುತ್ತಿದ್ದದ್ದು ಸಂಬಳ ಎಷ್ಟು ಎಂದಲ್ಲ. “ಆಚಾರ್ರ ಮನಿಯವ್ರ್ ಕೂತಿರಾ?” ಎಂದು.

ದೇವರ ವಿಷಯದಲ್ಲೂ ಹಾಗೆಯೇ. ಬೆಳಿಗ್ಗೆ ಹೊಳೆಯಲ್ಲಿ ಮುಳುಗಿ, ಬಾಚಿ ಉಳಿಗಳಿಗೆ ಗಂಧದ ಬೊಟ್ಟಿಟ್ಟು, ಗುಡಿಯ ಅಮ್ಮನ ಹೆಸರು ಹೇಳಿಯೇ ಮರಕ್ಕೆ ಕೈ ಹಚ್ಚುವುದು. ಅಮಾವಾಸ್ಯೆಯ ದಿನ ಹತಾರು ಮುಟ್ಟುವುದಿಲ್ಲ, ಮುಟ್ಟಿಸುವುದೂ ಇಲ್ಲ. ಆ ಒಂದು ದಿನ ಹತಾರಿಗೂ ರಜೆ ಎಂದು ಚಾಪೆಯಲ್ಲಿ ಸುತ್ತಿ ಇಡುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಯುದ್ಧದ ಕಾಲ. ಒಳ್ಳೆಯ ಮರಕ್ಕೆಲ್ಲ ಪರವಾನಗಿ ಬೇಕು, ಕಬ್ಬಿಣದ ಮೊಳೆಗಂತೂ ಕಾಲು ಹಿಡಿಯಬೇಕು. ಒಡೆಯರು ಎಲ್ಲಿಂದಲೋ ಹೆಬ್ಬಲಸಿನ ದಿಮ್ಮಿ ತರಿಸಿದ್ದರು. ಕೆಲವು ಚಂದ, ಕೆಲವು ಹಸಿ. ಆಚಾರ್ರು ಒಂದೊಂದನ್ನೂ ಬಾಚಿಯ ಬೆನ್ನಿನಿಂದ ಬಡಿದು, ಕಿವಿಯಿಟ್ಟು ಕೇಳಿ, ಆಗಬಹುದು, ಆಗದು ಎಂದು ಬೇರೆ ಮಾಡುತ್ತಿದ್ದರು. ನಡುವೆ ಅವರಿಗೆ ಚಳಿಜ್ವರ ಬಂದು ಮೂರು ದಿನ ಮಲಗಿದರು. ಆ ಮೂರು ದಿನದಲ್ಲಿ ಗುಮಾಸ್ತ ಅವಸರ ಮಾಡಿ, ಆಚಾರ್ರ ಕೈಕೆಳಗಿನ ಇಬ್ಬರು ಬಡಗಿಗಳಿಂದ ಬಲಬದಿಯ ಮೂತಿಯ ಹತ್ತಿರದ ಹಲಗೆಯನ್ನು ಬೆಂಕಿಯ ಮೇಲೆ ಬಗ್ಗಿಸಿ ಕೂರಿಸಿಬಿಟ್ಟ. ಅಡಿಮರದಿಂದ ಎಣಿಸಿದರೆ ಏಳನೆಯದು.

ಅದರ ಸಂದಿಗೆ ಹತ್ತಿ ತುಂಬುವಾಗ ನನಗೆ ಗೊತ್ತಾಯಿತು. ಗಟ್ಟಿ ಮರಕ್ಕೆ ಹತ್ತಿ ಬಡಿದರೆ ಕೊಡತಿ ಕೈಗೆ ತಿರುಗಿ ಬಡಿಯುತ್ತದೆ, ಠಣ್ ಎನ್ನುತ್ತದೆ. ಅಲ್ಲಿ, ಒಂದು ಗಂಟಿನ ಪಕ್ಕದಲ್ಲಿ, ಬೊದ್ ಎಂದಿತು. ಎರಡು ಹಿಡಿ ಹೋಗಬೇಕಾದಲ್ಲಿ ಐದು ಹಿಡಿ ಹತ್ತಿ ಹೋಯಿತು. ಗುಮಾಸ್ತನಿಗೆ ಹೇಳಿದೆ. ಅವನು ಸುತ್ತ ನೋಡಿ, ಹುಣ್ಣಿಮೆಯ ಭರತ, ಅಂದರೆ ಉಬ್ಬರದ ನೀರು, ತಪ್ಪಿದರೆ ಒಡೆಯರು ಇಬ್ಬರನ್ನೂ ಮನೆಗೆ ಕಳಿಸುತ್ತಾರೆ, ತುಂಬುವುದು ನಿನ್ನ ಕೆಲಸ, ತುಂಬು ಎಂದ. ತುಂಬಿದೆ. ಮೇಲೆ ರಾಳ ಬಳಿದು, ಹೊನ್ನೆ ಎಣ್ಣೆ ಒರೆಸಿ, ಕಣ್ಣಿಗೆ ಕಾಣದ ಹಾಗೆ ಮಾಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಚಂದದ ಕೆಲಸ ನಾನು ಮಾಡಿದ್ದಿಲ್ಲ. ಆಚಾರ್ರು ಎದ್ದು ಬಂದ ಮೇಲೆ, ಕ್ರಮದಂತೆ ಮಂಜಿಯ ಹೊಟ್ಟೆಗೆ ಹೊಳೆಯ ನೀರು ತುಂಬಿಸಿ, ಹೊರಗಿನಿಂದ ಎಲ್ಲಾದರೂ ಬೆವರುತ್ತದಾ ಎಂದು ನೋಡಿದರು. ಒಂದು ಹನಿ ಇಲ್ಲ. ನನ್ನ ಬೆನ್ನು ತಟ್ಟಿದರು. ಆ ತಟ್ಟಿದ್ದು ಮೂರು ರಾತ್ರಿ ಉರಿಯಿತು, ಆದರೂ ನಾನು ಬಾಯಿ ಬಿಡಲಿಲ್ಲ.

ಆ ಮಧ್ಯಾಹ್ನ ಅವರ ಹೆಂಡತಿ ಗಂಜಿಗೆ ಉಪ್ಪಿನಕಾಯಿ ಹಾಕುತ್ತಾ ನನ್ನ ಹತ್ತಿರ ಒಂದು ಸಣ್ಣ ಮಾತು ಕೇಳಿದರು. ಅವರನ್ನು ನಾನು ಅಕ್ಕ ಎಂದೇ ಕರೆಯುವುದು.

“ಈ ಸರ್ತಿ ಯಾವ್ ಬದಿಗೆ ಕೂಕಂಬುದ್ ಮಾರಾಯ? ಹೋದ್ ಸರ್ತಿ ಎಡಬದಿಗೆ ಕೂಕಂಡ್ ನೀರ್ ಹಾರಿ ಸೀರಿ ಪೂರ ಚಂಡಿ ಆಯ್ತ್.”

ನಾನು ಯೋಚನೆ ಮಾಡದೆ ಹೇಳಿದೆ: “ಎಡಬದಿಗೇ ಕೂಕಣಿ ಅಕ್ಕ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ನೀರು ಹಾರುವುದು ಎಡಕ್ಕೆ ಎಂದು ಅವರೇ ಹೇಳಿದ ಮೇಲೂ ಎಡಕ್ಕೇ ಕೂರಿ ಎನ್ನುವವನಿಗೆ ಬಲಗಡೆ ಏನೋ ಇರಬೇಕು. ಅಕ್ಕನಿಗೆ ಹೊಳೆಯಲಿಲ್ಲ. ಆಚಾರ್ರು ಗಂಜಿಯ ಬಟ್ಟಲನ್ನು ಕೆಳಗಿಟ್ಟರು.

“ಬಲ್ಬದಿಗೆ ಎಂತ ಇತ್ತಾ?” ಎಂದರು.

ಗುಮಾಸ್ತ ಕೆಮ್ಮಿದ. ನಾನು ಹೇಳಿಬಿಟ್ಟೆ. ಗಂಟು, ಬೊದ್ ಎಂದದ್ದು, ಐದು ಹಿಡಿ ಹತ್ತಿ, ಎಲ್ಲ. ಅವರು ಬಯ್ಯುತ್ತಾರೆ ಎಂದು ಕಾದೆ. ಬಯ್ಯಲಿಲ್ಲ. ಕೈ ತೊಳೆದು ಒಳಗೆ ಹತ್ತಿದರು, ಹಲಗೆಗೆ ಕಿವಿ ಹಚ್ಚಿ ಬಾಚಿಯ ಬೆನ್ನಿನಿಂದ ನಾಲ್ಕು ಕಡೆ ಬಡಿದರು, ಇಳಿದು ಬಂದರು. ಒಡೆಯರಿಗೆ ಹೇಳಿ ಕಳಿಸು, ಹಲಗೆ ಬಿಚ್ಚಬೇಕು ಎಂದು ಗುಮಾಸ್ತನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ನೀ ಹೋಪುಕಿಲ್ಲ. ತುಂಬ್ಸಿದವನೇ ತೆಗಿಕ್,” ಎಂದರು. ಅಷ್ಟೇ.

ಒಡೆಯರು ಮಾರನೆಯ ಬೆಳಿಗ್ಗೆ ಕುಂದಾಪುರದಿಂದ ಬಂದರು. ಕೆಟ್ಟ ಮನುಷ್ಯರೇನಲ್ಲ. ಆದರೆ ಮಂಜಿಯನ್ನು ಸರ್ಕಾರದ ಸರಕಿಗೆ ಗೊತ್ತುಮಾಡಿಕೊಟ್ಟಿದ್ದರು, ದಿನ ಕೊಟ್ಟಾಗಿತ್ತು. ಭರತ ಏರುವುದು ಹುಣ್ಣಿಮೆಗೆ, ಅಮಾವಾಸ್ಯೆಗೆ. ನಡುವಿನ ದಿನಗಳಲ್ಲಿ ಹೊಳೆಯ ನೀರು ಅಷ್ಟು ದೊಡ್ಡ ಮಂಜಿಯನ್ನು ಎತ್ತುವಷ್ಟು ಮೇಲೆ ಬರುವುದಿಲ್ಲ. ಈ ಹುಣ್ಣಿಮೆ ತಪ್ಪಿದರೆ ಅರ್ಧ ತಿಂಗಳು ಹೋಯಿತು. ಅವರು ಮೊದಲು ಮೆತ್ತಗೆ ಹೇಳಿದರು, ನೀರು ತುಂಬಿಸಿ ನೋಡಿದ್ದೀರಲ್ಲ ಆಚಾರ್ರೆ, ಬೆವರಲಿಲ್ಲವಲ್ಲ ಎಂದು. ಆಮೇಲೆ, ಮಳೆಗಾಲದಲ್ಲಿ ಹೇಗೂ ಮೇಲೆ ಎಳೆಯುತ್ತೇವೆ, ಆಗ ಹಲಗೆ ಬದಲಿಸುವ ಎಂದರು. ಆಚಾರ್ರು ಎರಡಕ್ಕೂ ತಲೆ ಅಲ್ಲಾಡಿಸಿದರು. ಒಡೆಯರ ದನಿ ಏರಿತು. ಗಂಗೊಳ್ಳಿಯಿಂದ ಆಳು ತರಿಸುತ್ತೇನೆ, ಹುಣ್ಣಿಮೆಗೆ ಇಳಿಸಿಯೇ ಇಳಿಸುತ್ತೇನೆ, ಯುದ್ಧದ ಕೆಲಸ ತಡೆದವರನ್ನು ಒಳಗೆ ಹಾಕುವ ಕಾನೂನು ಬಂದಿದೆ, ಗೊತ್ತಿರಲಿ ಎಂದರು. ಅಲ್ಲಿಯವರೆಗೆ ಆಚಾರ್ರೆ ಎನ್ನುತ್ತಿದ್ದವರು ಅಲ್ಲಿಂದ ಆಚಾರಿ ಎಂದರು.

ಆಚಾರ್ರು ನಿಂತಲ್ಲಿಂದ ಕದಲಲಿಲ್ಲ. “ಮಂಜಿ ನಿಮ್ದ್ ಒಡೇರೆ. ಮರ ನಿಮ್ದ್. ಕೂಕಂಬರ್ ನನ್ನ್ ಮನಿಯವ್ರ್.”

“ಹಂಗಾರೆ ಕೂರ್ಸ್ಬೇಡ. ಕೂರ್ಸ್ ಅಂದಿ ನಿಂಗ್ ಯಾರ್ ಹೇಳಿರ್?”

“ನನ್ನ್ ಮನಿಯವ್ರನ್ನ್ ಇಳ್ಸುಕ್ ಆತ್ತ್. ಕಲಾಸಿಗಳ್ ಒಂಬತ್ತ್ ಜನ ಇತ್ರ್. ಅವ್ರ್ ಎಂತ ಮರದಂಗೆ ಹುಟ್ಟಿದವ್ರಾ?”

ಇಷ್ಟು ಹೇಳಿ ಹತಾರಿನ ಚಾಪೆಯಿಂದ ಬೈರಿಗೆ ಎತ್ತಿಕೊಂಡರು. ಬೈರಿಗೆ ಅಂದರೆ ಮೊಳೆಗೆ ತೂತು ಕೊರೆಯುವ ಹತಾರು. ಅವರು ಏನು ಮಾಡುತ್ತಾರೆಂದು ಯಾರಿಗಾದರೂ ಹೊಳೆಯುವುದರೊಳಗೆ ಬಲಬದಿಗೆ ಹೋಗಿ, ಏಳನೇ ಹಲಗೆಯ ಗಂಟಿನ ಪಕ್ಕಕ್ಕೆ ಮೊನೆ ಇಟ್ಟು ತಿರುಗಿಸತೊಡಗಿದರು. ಗುಮಾಸ್ತ ಹಿಡಿಯಲು ಓಡಿದ. ತಾಂಡೇಲ ಅವನ ತೋಳು ಹಿಡಿದು, ತಡಿ, ಕಾಂಬ ಎಂದ.

ಮೊದಲು ಬಂದದ್ದು ಒಳ್ಳೆಯ ಮರದ ಸುರುಳಿ, ಅರಸಿನ ಬಣ್ಣದ್ದು. ಹೆಬ್ಬಲಸಿನ ಸುರುಳಿ ಹಾಗೆಯೇ ಬರಬೇಕು. ಎರಡು ಬೆರಳಿನಷ್ಟು ಒಳಗೆ ಹೋದದ್ದೇ ಸುರುಳಿ ನಿಂತಿತು. ಆಮೇಲೆ ಬಂದದ್ದು ಹುಡಿ. ನಸ್ಯದ ಹಾಗೆ ಕಂದು ಹುಡಿ. ಆಚಾರ್ರು ಅದನ್ನು ಅಂಗೈಯಲ್ಲಿ ಹಿಡಿದು, ಒಡೆಯರಿಗೆ ತೋರಿಸಲಿಲ್ಲ, ನೆಟ್ಟಗೆ ತಾಂಡೇಲನ ಕೈಗೆ ಸುರಿದರು. ತಾಂಡೇಲ ಮೂಸಿದ. ಹಳೇ ಬಾವಿಯ ವಾಸನೆ ಅದು, ನನಗೂ ಬಂತು.

ತಾಂಡೇಲ ಒಡೆಯರ ಅನ್ನ ಉಂಡವನು, ಇಪ್ಪತ್ತು ವರ್ಷ ಅವರ ಮಂಜಿ ನಡೆಸಿದವನು. ಕೈಯ ಹುಡಿಯನ್ನು ಪಂಚೆಗೆ ಒರೆಸಿಕೊಂಡು, “ನಾ ಹತ್ತುದಿಲ್ಲ ಒಡೇರೆ,” ಎಂದ.

ಈಗ ನೀರಿಗಿಳಿಸುವ ಮಾತೇ ಇರಲಿಲ್ಲ, ಹಲಗೆಯಲ್ಲಿ ಹೆಬ್ಬೆರಳು ಹೋಗುವ ತೂತು. ಒಡೆಯರು ಚಪ್ಪಲಿ ಹಾಕಿಕೊಂಡರು. ನನ್ನ ಉಗ್ರಾಣದಿಂದ ಒಂದು ಹಲಗೆ ಇಲ್ಲ, ಒಂದು ಮೊಳೆ ಇಲ್ಲ, ಅಮಾವಾಸ್ಯೆಯ ಭರತಕ್ಕೆ ಮಂಜಿ ನೀರಿನಲ್ಲಿರಬೇಕು, ಇಲ್ಲದಿದ್ದರೆ ಪೊಲೀಸರೇ ಬರುತ್ತಾರೆ ಎಂದು ಹೇಳಿ ನಡೆದರು.

ಹಲಗೆ ಬಿಚ್ಚಲು ಎರಡು ದಿನ ಬೇಕಾಯಿತು. ನಾನು ತುಂಬಿದ ಹತ್ತಿಯನ್ನು ಕೊಕ್ಕೆಯಿಂದ ನಾನೇ ಎಳೆದೆ. ಮಾಡುವಾಗ ಅಷ್ಟು ಚಂದವಾಗಿ ಮಾಡಿದ್ದೆನಲ್ಲ, ಬರುವುದೇ ಇಲ್ಲ. ಆಚಾರ್ರು ಪಕ್ಕದಲ್ಲಿ ನಿಂತು, ಕೆಲ್ಸ ಮಾತ್ರ ಲಾಯ್ಕಿತ್ತ್ ಮಾರಾಯ ಎಂದರು. ಅದು ಬೈಗುಳವೋ ಮೆಚ್ಚುಗೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೊಳೆಗಳನ್ನು ಒಂದೊಂದಾಗಿ ಕಿತ್ತು, ಕಲ್ಲಿನ ಮೇಲೆ ಬಡಿದು ನೆಟ್ಟಗೆ ಮಾಡಿದೆವು. ಹೊಸ ಮೊಳೆ ಸಿಗುವುದಿಲ್ಲವಲ್ಲ.

ಮರ? ಅಷ್ಟು ಉದ್ದದ, ಬಗ್ಗಿದರೂ ಸೀಳದ ಹೆಬ್ಬಲಸು ಬ್ರಹ್ಮಾವರದಿಂದ ಬೈಂದೂರಿನವರೆಗೆ ಒಂದು ವಾರ ಹುಡುಕಿದರೂ ಸಿಗಲಿಲ್ಲ. ಒಂದೇ ಒಂದು ದಿಮ್ಮಿ ಇತ್ತು. ಆಚಾರ್ರ ಮನೆ ಸಾಲಿಗ್ರಾಮದ ಹತ್ತಿರ. ಮನೆಯ ಹಿಂದಿನ ಕೆರೆಯ ಕೆಸರಿನಲ್ಲಿ ಐದು ವರ್ಷದಿಂದ ನೆನೆಯುತ್ತಾ ಬಿದ್ದಿತ್ತು. ನೀರಿನಲ್ಲಿ ಹಾಗೆ ನೆನೆದ ಮರಕ್ಕೆ ಹುಳ ಹಿಡಿಯುವುದಿಲ್ಲ, ಬೆಂಕಿಗೆ ಹಿಡಿದರೆ ಹೇಳಿದ ಹಾಗೆ ಬಗ್ಗುತ್ತದೆ. ಆದರೆ ಅದು ಹರಕೆಯ ಮರ. ದೊಡ್ಡ ಮಗಳು ಸಿಡುಬಿನಿಂದ ಉಳಿದಾಗ ಅಮ್ಮನ ಗುಡಿಗೆ ಬಾಗಿಲು ಮಾಡಿಕೊಡುತ್ತೇನೆ ಎಂದು ಹೇಳಿಕೊಂಡು ಇಟ್ಟದ್ದು.

ಆ ದಿಮ್ಮಿ ನೋಡಲು ನಾನೂ ಅವರ ಜೊತೆ ಹೋಗಿದ್ದೆ. ಆಚಾರ್ರು ಕೆರೆಯ ದಂಡೆಯಲ್ಲಿ ತುಂಬ ಹೊತ್ತು ಕುಕ್ಕುರುಗಾಲಲ್ಲಿ ಕೂತರು. ಒಡೆಯರ ಎದುರು ಅಲ್ಲಾಡದ ಮನುಷ್ಯ ಅಲ್ಲಿ ಬೆವರಿದ್ದನ್ನು ನಾನು ಕಂಡಿದ್ದೇನೆ. ಗುಡಿಯ ಅರ್ಚಕರು ವಿಷಯ ಕೇಳಿ, ಹರಕೆಯ ಮರವನ್ನು ಕಡಲಿಗೆ ಹಾಕಿದವರು ಯಾರೂ ಉದ್ಧಾರ ಆಗಲಿಲ್ಲ ಎಂದು ಹೇಳಿ ಕಳಿಸಿದ್ದರು. ಆಗ ಅವರ ತಾಯಿ ಕೋಲು ಊರಿಕೊಂಡು ಬಂದರು. ಎಂಬತ್ತರ ಹತ್ತಿರದ ಮುದುಕಿ, ಬಾಯಿ ಮಾತ್ರ ಹದಿನೆಂಟರದ್ದು.

“ಎಂತಕೆ ಕೂಕಂಡದ್ದ್?”

“ಅಬ್ಬಿ, ಇದ್ ಅಮ್ಮನ್ ಮರ.”

“ನಂಗ್ ಗೊತ್ತಿಲ್ಯಾ? ಬಾಗ್ಲಿಲ್ದೆ ಅಮ್ಮಂಗೆ ಚಳಿ ಆತ್ತಾ? ಅಮ್ಮನ್ ಹತ್ರ ನಾ ಮಾತಾಡ್ತೆ. ನೀ ಕೊಯ್ಸ್.”

ಕೊಯ್ಸಿದರು. ಕುಣಿ ತೋಡಿ, ದಿಮ್ಮಿಯನ್ನು ಅದರ ಮೇಲೆ ಇಟ್ಟು, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸದಿಂದ ಮೂರು ದಿನ ಎಳೆದರು. ಎತ್ತಿನ ಗಾಡಿಯಲ್ಲಿ ಹಂಗಾರಕಟ್ಟೆಗೆ ತರಲು ಒಂದು ದಿನ. ಆಮೇಲೆ ಬಗ್ಗಿಸುವುದು. ತೆಂಗಿನ ಸಿಪ್ಪೆಯ ಬೆಂಕಿ, ಉರಿ ಏಳಬಾರದು, ಕೆಂಡ ಮಾತ್ರ. ಹಲಗೆಯ ಮೇಲುಬದಿಗೆ ಕೆಸರು ಮೆತ್ತಿ, ಒಣಗಿದ ಹಾಗೆ ನೀರು ಹೊಡೆಯುವುದು. ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಗೆ ಹಗ್ಗ ಹಾಕಿ ಗಳಿಗೆಗೆ ಒಂದು ಬೆರಳಿನಷ್ಟು ತಿರುಚುವುದು. ಅವಸರ ಮಾಡಿದರೆ ಸೀಳು. ಆಚಾರ್ರು ಯಾರನ್ನೂ ಹಗ್ಗದ ಹತ್ತಿರ ಬಿಡಲಿಲ್ಲ. ಮೊದಲ ದಿನ ಹಲಗೆ ಅರ್ಧ ಬಗ್ಗಿ ಬೆಳಿಗ್ಗೆ ಬರುವುದರೊಳಗೆ ತಿರುಗಿ ನೆಟ್ಟಗಾಗಿತ್ತು. ಹಗ್ಗ ಸಡಿಲಿತ್ತು. ಗುಮಾಸ್ತ ಹಣೆ ಬಡಿದುಕೊಂಡ. ಆಚಾರ್ರು ಮತ್ತೆ ಬೆಂಕಿ ಹಾಕಿದರು. ಎರಡನೇ ದಿನ ಸಂಜೆ ಹಲಗೆ ಮೂತಿಯ ತಿರುವಿಗೆ ಕೂತದ್ದು ಹೇಗೆಂದರೆ, ನಡುವೆ ವೀಳ್ಯದೆಲೆ ತೂರಿಸಲು ಜಾಗ ಇರಲಿಲ್ಲ.

ಅಷ್ಟರಲ್ಲಿ ಚತುರ್ದಶಿ. ಎರಡು ಸಾಲು ಮೊಳೆ ಬಾಕಿ, ನನ್ನ ಹತ್ತಿ ಪೂರ್ತಿ ಬಾಕಿ. ಮಾರನೆಯ ದಿನ ಅಮಾವಾಸ್ಯೆ.

ಗುಮಾಸ್ತ ಕಾಲಿಗೆ ಬೀಳುವುದೊಂದು ಬಾಕಿ. ಒಂದು ದಿನ, ಇದೊಂದು ಸರ್ತಿ ಹತಾರು ಮುಟ್ಟಿ, ದೇವರಿಗೆ ತಪ್ಪುಕಾಣಿಕೆ ಇಡುವ ಎಂದ. ನಿಜ ಹೇಳಬೇಕೆಂದರೆ ನನಗೂ ಹಾಗೆಯೇ ಅನಿಸಿತ್ತು. ಪೊಲೀಸರ ಹೆದರಿಕೆ ನನಗೂ ಇತ್ತು. ಆಚಾರ್ರು ಹತಾರನ್ನು ಚಾಪೆಯಲ್ಲಿ ಸುತ್ತುತ್ತಾ, “ಹುಣ್ಣಿಮಿಗೆ ನಿಮ್ಮ್ ಮಾತ್ ಕೇಣದವ ಅಮಾಸಿಗೆ ಕೇಂತ್ನಾ?” ಎಂದರು. ಭರತ ಅಮಾವಾಸ್ಯೆಗೇ ಮುಗಿಯುವುದಿಲ್ಲ, ಬಿದಿಗೆಯ ನೀರು ಅದಕ್ಕಿಂತ ಒಂದು ಗೇಣು ಹೆಚ್ಚೇ ಇರುತ್ತದೆ, ಬೇಕಾದರೆ ತಾಂಡೇಲನನ್ನು ಕೇಳು ಎಂದೂ ಹೇಳಿದರು. ತಾಂಡೇಲ ಹೌದೆಂದ. ಅಮಾವಾಸ್ಯೆಯ ದಿನ ಆಚಾರ್ರು ತಾಯಿ, ಹೆಂಡತಿ, ಮಕ್ಕಳೊಡನೆ ಅಮ್ಮನ ಗುಡಿಗೆ ಹೋಗಿ ಕೂತುಬಂದರು. ಬಾಗಿಲಿಲ್ಲದ ಗುಡಿ. ಅರ್ಚಕರು ಪ್ರಸಾದ ಕೊಟ್ಟರಂತೆ. ಮಂಜಿಯ ಹತ್ತಿರ ಆ ದಿನ ನಾನೊಬ್ಬನೇ ಕೂತು, ಖಾಕಿ ಬಟ್ಟೆ ಕಂಡಲ್ಲೆಲ್ಲ ಎದ್ದು ನಿಲ್ಲುತ್ತಿದ್ದೆ. ಬಂದವನು ಅಂಚೆಯವನು ಒಬ್ಬನೇ.

ಪಾಡ್ಯದ ಬೆಳಿಗ್ಗೆ ಮೊಳೆ ಮುಗಿಯಿತು. ಒಂದೊಂದು ಮೊಳೆಯ ತಲೆಗೂ ಎಣ್ಣೆಹತ್ತಿ ಸುತ್ತಿ ಹೊಡೆದರು. ಆಮೇಲೆ ನನ್ನ ಸರದಿ. ಸಂಜೆಯವರೆಗೆ ಕೊಡತಿ ಬಡಿದೆ. ಪ್ರತಿ ಏಟಿಗೂ ಠಣ್ ಎಂದು ಕೈಗೆ ತಿರುಗಿ ಬಂತು, ಭುಜ ಬಾತುಹೋಯಿತು. ಸಂತೋಷದಲ್ಲಿ ಇನ್ನೂ ಎರಡು ಏಟು ಹೆಚ್ಚೇ ಹಾಕಿದೆ. ಆಚಾರ್ರು ಬಂದು ಬೆರಳಿನಿಂದ ಸಂದಿ ಸವರಿ ನೋಡಿದರು. ನೋಡಿ, “ನಾಳೆ ನಿನ್ನ್ ಮನಿಯವ್ರನ್ನೂ ಕರ್ಕಂಡ್ ಬಾ. ಅವ್ರೂ ಕೂಕಣ್ಲಿ,” ಎಂದರು.

ನನ್ನ ಮನೆ ಬೀಜಾಡಿಯಲ್ಲಿ. ಸಂಜೆಯ ಇದ್ದಿಲ ಬಸ್ಸು ಹಿಡಿದು ಹೋಗಿ ಹೆಂಡತಿಗೆ ಎಲ್ಲ ಹೇಳಿದೆ, ಅಡಗಿಸಿದ್ದನ್ನೂ ಸೇರಿಸಿ. ಅವಳು ಮೀನು ಹೆಚ್ಚುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನೀವು ಹತ್ತಿ ತುಂಬಿಸಿದ ಬದಿಗೆ ನಾನು ಕೂರುವುದಾ ಎಂದು ಕೇಳಿದಳು. ಹೌದು ಎಂದೆ. ಹಾಗಾದರೆ ಹಳೇ ಸೀರೆ ಉಡುತ್ತೇನೆ ಎಂದಳು.

ಬಿದಿಗೆಯ ದಿನ ಮಧ್ಯಾಹ್ನದ ಹೊತ್ತಿಗೆ ಭರತ ಏರಿತು. ದಿಮ್ಮಿಗಳಿಗೆ ಮೀನೆಣ್ಣೆ ಬಳಿದು, ಎರಡು ಬದಿಗೆ ಹಗ್ಗ ಹಿಡಿದು, ಅಡ್ಡಗಟ್ಟಿದ ತುಂಡುಗಳನ್ನು ಒಂದೇ ಸರ್ತಿ ಬಡಿದು ತೆಗೆದಾಗ ಮಂಜಿ ಒಮ್ಮೆ ನರಳಿ, ತಾನೇ ನಡೆದ ಹಾಗೆ ಹೊಳೆಗಿಳಿಯಿತು. ಒಡೆಯರು ಬಂದಿರಲಿಲ್ಲ. ಆಚಾರ್ರು ತಮ್ಮ ತಾಯಿಯನ್ನು ಎತ್ತಿಕೊಂಡು ಹತ್ತಿ, ಬಲಬದಿಯ ಮೂತಿಯಲ್ಲಿ, ಆ ಹಲಗೆಗೆ ಬೆನ್ನು ಕೊಟ್ಟು ಕೂರಿಸಿದರು. ಪಕ್ಕಕ್ಕೆ ಅಕ್ಕ, ಮಕ್ಕಳು, ನನ್ನ ಹೆಂಡತಿ. ಅಳಿವೆಯವರೆಗೆ ಮುದುಕಿ ಹಲಗೆಯ ಮೇಲೆ ಅಂಗೈ ಇಟ್ಟು ಏನೋ ಗೊಣಗುತ್ತಲೇ ಇದ್ದರು. ಪ್ರಾರ್ಥನೆಯೋ ಅಮ್ಮನೊಡನೆ ಜಗಳವೋ, ಕೇಳಿಸಲಿಲ್ಲ. ಮರಳದಿಬ್ಬದ ಮೇಲೆ ಮಂಜಿ ಮೂಗು ಎತ್ತಿ ಬಿತ್ತು. ಒಳಗೆ ಇಳಿದು ನೋಡಿದೆ. ಹಲಗೆ ಹಾಸುಗೆಯ ಹಾಗೆ ಒಣಗಿತ್ತು. ಮೇಲೆ ಬಂದಾಗ ನನ್ನ ಹೆಂಡತಿ ನನ್ನನ್ನು ನೋಡಲಿಲ್ಲ, ಚಿಕ್ಕ ಹುಡುಗಿಗೆ ಬೆಲ್ಲ ಕೊಡುತ್ತಿದ್ದಳು.

ಪೊಲೀಸರು ಬರಲಿಲ್ಲ. ಮಂಜಿ ಸರ್ಕಾರದ ಸರಕು ಹೊತ್ತು ಹೋಯಿತು. ಆದರೆ ಒಡೆಯರು ಆಚಾರ್ರಿಗೆ ಮತ್ತೆ ಕೆಲಸ ಕೊಡಲಿಲ್ಲ, ಅವರಿಗೆ ಹೆದರಿ ಬೇರೆಯವರೂ ಕೊಡಲಿಲ್ಲ. ಎರಡು ವರ್ಷ ಕಿರಿಮಂಜೇಶ್ವರದ ಕಡೆ ಮನೆಗಳ ಮಾಡು, ನೇಗಿಲು, ತೊಟ್ಟಿಲು ಮಾಡಿಕೊಂಡಿದ್ದರು. ಕ್ಷಮೆ ಕೇಳಿ ಬಾ ಎಂದು ಹೇಳಿದವರು ಬಹಳ. ಎಂತದ್ದಕ್ಕೆ ಎಂದು ಅವರು ಕೇಳುತ್ತಿದ್ದರು. ಆ ನಡುವೆಯೇ ಎಲ್ಲಿಂದಲೋ ಒಂದು ಮರ ಸಂಪಾದಿಸಿ ಗುಡಿಯ ಬಾಗಿಲನ್ನೂ ಮಾಡಿ ಕೂರಿಸಿದರು.

ಮೂರನೇ ವರ್ಷ ಒಡೆಯರ ಮಗಳಿಗೆ ಹೊನ್ನಾವರದ ಕಡೆ ಸಂಬಂಧ ಗೊತ್ತಾಯಿತು. ಪೆಟ್ರೋಲಿಲ್ಲ, ದಾರಿಯಲ್ಲಿ ಹೊಳೆಗಳು ಬೇರೆ, ದಿಬ್ಬಣ ಕಡಲಿನಲ್ಲೇ ಹೋಗಬೇಕು. ಒಡೆಯರಲ್ಲಿ ಆಗ ಮೂರು ಮಂಜಿ ಇದ್ದವು, ಅದರಲ್ಲಿ ಒಂದು ಅದೇ ವರ್ಷ ಬೇರೆ ಬಡಗಿಗಳು ಕಟ್ಟಿದ ಹೊಚ್ಚಹೊಸದು. ಮದುಮಗಳನ್ನು, ಹೆಂಡತಿಯನ್ನು, ಮನೆಯ ಹೆಂಗಸರು ಮಕ್ಕಳನ್ನು ಅವರು ಕೂರಿಸಿದ್ದು ಹೊಸದರಲ್ಲಲ್ಲ, ಆಚಾರ್ರು ಕಟ್ಟಿದ್ದರಲ್ಲಿ. ತಾಂಡೇಲ ಬಂದು ನನಗೆ ಹೇಳಿದ. ನಾನು ಅವತ್ತೇ ಬಸ್ಸು ಹತ್ತಿ ಕಿರಿಮಂಜೇಶ್ವರಕ್ಕೆ ಹೋಗಿ ಆಚಾರ್ರಿಗೆ ಹೇಳಿದೆ. ಅವರು ಯಾರದೋ ಮನೆಯ ಅಂಗಳದಲ್ಲಿ ಕೂತು ನೊಗ ಕೆತ್ತುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಗಾಳಿ ಹೇಗಿತ್ತು, ಹೆಂಗಸರಿಗೆ ತೊಂದರೆ ಆಗಲಿಲ್ಲವಲ್ಲ ಎಂದು ಕೇಳಿದರು. ಇಲ್ಲ, ಎಲ್ಲರೂ ಸುಖವಾಗಿ ಮುಟ್ಟಿದರು ಎಂದೆ. ಊಟ ಮಾಡಿ ಹೋಗು ಎಂದರು. ಮಾಡಿಕೊಂಡು ಬಂದೆ.